ತಗ್ಗುತಲೆಯ ಪಿಸ್ಟನ್

"ಹಿಡ್ಕೊಳ್ಳೋ ಗಾರ್ಲಂಡ್. ನೀನು ನೋಡ್ತಾ ನಿಂತ್ರೆ ಅವನೇ ಎದ್ದು ನಡ್ಕೊಂಡ್ ಬರ್ತಾನಾ?" ಎಂದು ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದಿದ್ದ ಹಳೆಯ ಗೆಳೆಯ ಬರ್ಲ್ ಹಲ್ಲು ಕಚ್ಚಿ ಪಿಸುಗುಟ್ಟಿದ.

ಶವಪೆಟ್ಟಿಗೆ ವ್ಯಾನಿನಿಂದ ಅರ್ಧ ಹೊರಬಂದಿತ್ತು. ಹೊರಬೇಕಾದವರಲ್ಲಿ ಒಬ್ಬನಿಗೆ ಸೊಂಟ ಹಿಡಿದುಕೊಂಡು ಆತ ಚರ್ಚಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದ. ಗಾರ್ಲಂಡ್ ಎಲ್ಲರಿಗಿಂತ ಹಿಂದೆ, ತನ್ನ ಪಿಕಪ್ ಗಾಡಿಗೆ ಒರಗಿ ನಿಂತಿದ್ದ. ಸತ್ತವನು ಅವನ ಒಡಹುಟ್ಟಿದ ಅಣ್ಣ ಲೈಲ್. ಆದರೂ ಪೆಟ್ಟಿಗೆ ಹೊರುವವರಲ್ಲಿ ಅವನ ಹೆಸರಿರಲಿಲ್ಲ. ಹೆಸರುಗಳನ್ನು ಆರಿಸಿದವಳು ಲೈಲ್‌ನ ಮಗಳು ಕೊರಿನ್. ಅವಳು ಈಗ ಚಿಕ್ಕಪ್ಪನ ಕಡೆ ನೋಡಿದಳು. ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಗಾರ್ಲಂಡ್ ಬಂದು ಖಾಲಿ ಹಿಡಿಕೆಗೆ ಕೈ ಹಾಕಿದ. ಹಿಂದೆಲ್ಲ ರೇಸ್ ಕಾರಿನ ಎಂಜಿನ್ ಇಳಿಸುವಾಗ ಅಣ್ಣ ತಮ್ಮ ಎದುರುಬದುರು ನಿಂತು ಉಸಿರು ಬಿಗಿಹಿಡಿಯುತ್ತಿದ್ದರು. "ಎತ್ತು" ಎನ್ನುತ್ತಿದ್ದವನು ಯಾವಾಗಲೂ ಲೈಲ್. ಇವತ್ತು ಯಾರೂ ಹೇಳಲಿಲ್ಲ. ಎಲ್ಲರೂ ಹೇಗೋ ಒಟ್ಟಿಗೆ ಎತ್ತಿದರು.

ಒಳಗೆ ಮುಂದಿನ ಬೆಂಚಿನಲ್ಲಿ ಲೈಲ್‌ನ ಹೆಂಡತಿ ಆರ್ಡಿತ್ ಕುಳಿತಿದ್ದಳು. ನೆನಪು ಕಳೆದುಕೊಂಡು ಹಲವು ವರ್ಷವಾಗಿತ್ತು. ಬೆಳಿಗ್ಗೆಯಿಂದ ಅವಳಿಗೆ ಗಂಡ ಸತ್ತ ಸುದ್ದಿಯನ್ನು ಮತ್ತೆ ಮತ್ತೆ ಹೇಳಬೇಕಾಗಿ ಬಂದಿತ್ತು. ಪ್ರತಿ ಸಲವೂ ಅವಳು ಈಗಷ್ಟೇ ಕೇಳಿದವಳಂತೆ ಕುಸಿದು ಅತ್ತಳು, ಸ್ವಲ್ಪ ಹೊತ್ತಿಗೆ ಮರೆತಳು, ಮತ್ತೆ ಕೇಳಿದಳು.

"ಲೈಲ್ ಎಲ್ಲಿ?"

ಕೊರಿನ್ ತಾಯಿಯ ಕೈ ಹಿಡಿದುಕೊಂಡಳು. ಅದನ್ನು ಮತ್ತೆ ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಬರ್ತಾರಮ್ಮ," ಎಂದಳು.

"ಇಷ್ಟು ಜನ ಬಂದಿದಾರೆ, ಇವನೊಬ್ಬ ಪತ್ತೆಯಿಲ್ಲ. ಗರಾಜ್‌ನಲ್ಲೇ ಬಿದ್ಕೊಂಡಿರ್ತಾನೆ, ನೋಡು."

ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

*

ಅಣ್ಣ ತಮ್ಮಂದಿರ ಮಾತು ನಿಂತದ್ದು ಎರಡು ಚಳಿಗಾಲದ ಹಿಂದೆ, ಲೈಲ್‌ನ ಗರಾಜಿನಲ್ಲಿ.

ಲೈಲ್ ಕೌಂಟಿಯ ರಸ್ತೆ ಇಲಾಖೆಯಲ್ಲಿದ್ದ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದ, ಬೇಸಿಗೆಯಲ್ಲಿ ಗುಂಡಿ ಮುಚ್ಚುತ್ತಿದ್ದ. ಶನಿವಾರ ಮಾತ್ರ ಅವನು ಬೇರೆಯೇ ಮನುಷ್ಯ. ಹರೆಯದಿಂದಲೂ ಅಣ್ಣ ತಮ್ಮ ಒಂದು ಹಳೆಯ ನೀಲಿ ಶೆವೆಲ್ ಕಾರನ್ನು ಇಂಡಿಯಾನಾದ ರೇಸ್ ಮೈದಾನಗಳಿಗೆಲ್ಲ ಒಯ್ಯುತ್ತಿದ್ದರು. ಲೈಲ್ ಓಡಿಸುವವನು, ಗಾರ್ಲಂಡ್ ಎಂಜಿನ್ ಹದಮಾಡುವವನು. ಹೆಂಡತಿ ಬಿಟ್ಟುಹೋದ ಮೇಲೆ ಗಾರ್ಲಂಡ್‌ಗೆ ಆ ಶನಿವಾರಗಳನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಆ ವರ್ಷದ ಕೊನೆಯ ರೇಸಿನಲ್ಲಿ ಒಂದು ಪಿಸ್ಟನ್ ಒಡೆದು ಚೂರಾಯಿತು. ಎರಕದ ಪಿಸ್ಟನ್; ಗಾಜಿನಂತೆ ಒಮ್ಮೆಗೇ ಹೋಗುವಂಥದು. ಈ ಸಲ ಒತ್ತಿ ಬಡಿದು ಮಾಡಿದ ಫೋರ್ಜ್ಡ್ ಪಿಸ್ಟನ್ನೇ ಹಾಕಬೇಕು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಬಿಡಿಭಾಗದ ಅಂಗಡಿಯ ಬರ್ಲ್ ಎರಡು ಮಾದರಿ ಕಳಿಸಿದ್ದ. ಒಂದರ ತಲೆ ಗುಡ್ಡದ ಹಾಗೆ ಉಬ್ಬಿತ್ತು. ಇನ್ನೊಂದರದು ತಟ್ಟೆಯ ಹಾಗೆ ತಗ್ಗು; ವೇಗ ಕಡಿಮೆ, ಆದರೆ ಸಾಮಾನ್ಯ ಪೆಟ್ರೋಲೇ ಸಾಕು.

ಗಾರ್ಲಂಡ್ ಉಬ್ಬುತಲೆಯದನ್ನು ಕೈಯಲ್ಲಿ ಹಿಡಿದು ಮಗುವನ್ನು ನೋಡುವಂತೆ ನೋಡಿದ.

"ಇದು ಹಾಕಿದ್ರೆ ಬರೋ ವರ್ಷ ನಮ್ಮನ್ನ ಹಿಡಿಯೋರಿಲ್ಲ ಕಣೋ."

"ಅದಕ್ಕೆ ರೇಸ್ ಪೆಟ್ರೋಲೇ ಬೇಕು. ರೋಡಲ್ಲಿ ಓಡ್ಸಕ್ಕಾಗಲ್ಲ," ಎಂದ ಲೈಲ್.

"ರೋಡಲ್ಲಿ ಯಾಕೋ ಓಡಿಸ್ಬೇಕು?"

ಲೈಲ್ ತಗ್ಗುತಲೆಯದನ್ನು ಚಿಂದಿಬಟ್ಟೆಯಿಂದ ಒರೆಸುತ್ತಾ ನಿಂತ. ಆಮೇಲೆ ಹೇಳಿದ, "ಆರ್ಡಿತ್‌ಗೆ ಸಂಜೆ ಆದ್ರೆ ಮನೇಲಿ ನಿಲ್ಲಕ್ಕಾಗಲ್ಲ. ಅಳ್ತಾಳೆ, ಬಾಗಿಲು ಬಡೀತಾಳೆ, ಇದು ನಮ್ಮನೆ ಅಲ್ಲ ಅಂತಾಳೆ. ಈ ಗಾಡೀಲಿ ಕೂರಿಸಿದ್ರೆ ಮಾತ್ರ ಸುಮ್ಮನಿರ್ತಾಳೆ. ಪಿಕಪ್ ಆಗಲ್ಲ, ಕೊರಿನ್ ಗಾಡಿ ಆಗಲ್ಲ. ಇದೇ ಆಗ್ಬೇಕು. ನಾನೂ ಅವಳೂ ಹರೆಯದಲ್ಲಿ ಇದ್ರಲ್ಲೇ ತಾನೆ ಜಲಾಶಯದ ಕಡೆ ಸುತ್ತಿದ್ದು."

"ಹಂಗಿದ್ರೆ ಎರಕದ್ದೇ ಹಾಕು. ಮುದುಕಿನ ಸುತ್ತಾಡ್ಸಕ್ಕೆ ಫೋರ್ಜ್ಡ್ ಯಾಕೆ?"

"ಅವಳು ಜೊತೇಲಿದ್ದಾಗ ದಾರೀಲಿ ಒಡೀಬಾರ್ದು."

ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಆದರೆ ಗಾರ್ಲಂಡ್ ಇಡೀ ವರ್ಷ ಆ ಎಂಜಿನ್ನಿನ ಕನಸು ಕಂಡಿದ್ದ. ಕೈಯಲ್ಲಿದ್ದ ಪಿಸ್ಟನ್ನನ್ನು ಮೇಜಿನ ಮೇಲೆ ಕುಕ್ಕಿದ.

"ನೀನು ಸುತ್ತಾಡಿಸಿದ್ದು ನಾಳೆ ಅವಳಿಗೆ ನೆನಪೂ ಇರಲ್ಲ."

"ನಂಗಿರತ್ತೆ," ಎಂದ ಲೈಲ್.

ಅವನು ದನಿ ಏರಿಸಲಿಲ್ಲ. ತಮ್ಮನ ಕೋಟನ್ನು ಮೊಳೆಯಿಂದ ತೆಗೆದು ಅವನ ಕೈಗೆ ಕೊಟ್ಟ. ಗಾರ್ಲಂಡ್ ಹೊರಟುಹೋದ. ಅಣ್ಣನೇ ಕರೆಯಲಿ ಎಂದು ಒಬ್ಬ ಕಾದ. ಅವನೇ ಬರಲಿ ಎಂದು ಇನ್ನೊಬ್ಬ.

ಒಮ್ಮೆ ಮಾತ್ರ ಗಾರ್ಲಂಡ್ ಅವರನ್ನು ಕಂಡಿದ್ದ. ಹೆದ್ದಾರಿ ಬದಿಯ ಐಸ್‌ಕ್ರೀಮ್ ಅಂಗಡಿಯ ಮುಂದೆ ನೀಲಿ ಕಾರು ನಿಂತಿತ್ತು. ಆರ್ಡಿತ್ ನಗುತ್ತಿದ್ದಳು. ಲೈಲ್ ತನ್ನ ಅಂಗಿಯ ತೋಳಿನಿಂದಲೇ ಅವಳ ಗಲ್ಲ ಒರೆಸುತ್ತಿದ್ದ. ಗಾರ್ಲಂಡ್ ವೇಗ ತಗ್ಗಿಸಿದ. ತಿರುಗಬೇಕಾದ ಜಾಗ ದಾಟಿಹೋಯಿತು. ಮುಂದೆ ಹೋಗಿ ತಿರುಗಿ ಬರಬಹುದಿತ್ತು. ಬರಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ಕಾಗದದ ತಟ್ಟೆಗಳು. ರೇಸಿನ ಗೆಳೆಯರು ಒಂದು ಮೂಲೆಯಲ್ಲಿ ಕುಳಿತು ಲೈಲ್ ಗೆದ್ದ ಓಟಗಳನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತಿದ್ದರು. ಗಾರ್ಲಂಡ್ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದ. ಕೊರಿನ್ ಬಂದು ಪಕ್ಕದಲ್ಲಿ ನಿಂತಳು.

"ಹೇಗಾಯ್ತು ಅಂತ ನಿಂಗೆ ಯಾರಾದ್ರೂ ಹೇಳಿದ್ರಾ ಚಿಕ್ಕಪ್ಪ?"

"ಹಾರ್ಟು ಅಂತ ಬರ್ಲ್ ಅಂದ."

"ಗಾಡಿ ಹೊರಗೆ ತಂದು, ಅಮ್ಮನ್ನ ಕೂರಿಸಿ ಬೆಲ್ಟ್ ಹಾಕಿದಾರೆ. ಗರಾಜ್ ಬಾಗಿಲು ಎಳೆದು ಬರ್ತೀನಿ ಅಂತ ಹೋಗಿದಾರೆ. ಅಲ್ಲೇ ಬಿದ್ದುಹೋದ್ರು. ಅಮ್ಮ ಕಾಯ್ತಾ ಕೂತಿದ್ರು. ಎಂಜಿನ್ ಓಡ್ತಾನೇ ಇತ್ತು. ಇಷ್ಟೊತ್ತಾದ್ರೂ ಗಾಡಿ ಹೊರಡ್ಲಿಲ್ವಲ್ಲ ಅಂತ ಪಕ್ಕದ್ಮನೆಯವ್ರು ಬಂದು ನೋಡೋ ಹೊತ್ತಿಗೆ ಕತ್ತಲಾಗಿತ್ತು." ಅವಳು ಉಸಿರೆಳೆದುಕೊಂಡಳು. "ಬೆಲ್ಟ್ ಬಿಚ್ಚೋದು ಹೇಗೆ ಅಂತ ಅಮ್ಮಂಗೆ ಗೊತ್ತಾಗ್ಲಿಲ್ಲ. ಅಥವಾ ಬಿಚ್ಚಬೇಕು ಅಂತ ಅನ್ನಿಸ್ಲೇ ಇಲ್ವೇನೋ. ಅಪ್ಪ ಬರ್ತೀನಿ ಅಂದಿದ್ರಲ್ಲ."

ಗಾರ್ಲಂಡ್‌ನ ತಟ್ಟೆ ವಾಲಿತು. ಆಲೂಗಡ್ಡೆ ಅವನ ಬೂಟಿನ ಮೇಲೆ ಬಿತ್ತು. ಅವನಿಗೆ ತಿಳಿಯಲಿಲ್ಲ.

"ನಿನ್ ಮೇಲೆ ತುಂಬಾ ಸಿಟ್ಟಿತ್ತು ನಂಗೆ," ಎಂದಳು ಕೊರಿನ್. "ಈಗ್ಲೂ ಇದೆ. ಹೆಸರು ಬರೆಯೋವಾಗ ಬೇಕಂತಲೇ ಬಿಟ್ಟೆ."

"ಸರಿಯಾಗೇ ಮಾಡ್ದೆ."

ಅವಳು ಕಾಗದದ ಕರವಸ್ತ್ರ ಕೊಟ್ಟಳು. ಅವನು ಬಗ್ಗಿ ಬೂಟು ಒರೆಸುತ್ತಾ ಬಹಳ ಹೊತ್ತು ಬಗ್ಗಿಯೇ ಇದ್ದ.

ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿಸಿತು. ಆರ್ಡಿತ್ ಹೊರಗೆ ಹೋಗಿಬಿಟ್ಟಿದ್ದಳು. ಶವಯಾತ್ರೆಯಲ್ಲಿ ವ್ಯಾನಿನ ಹಿಂದೆಯೇ ಬರಲಿ ಎಂದು ಬರ್ಲ್ ನೀಲಿ ಕಾರನ್ನು ತಂದಿದ್ದ. ಅವಳು ಅದರ ಬಾಗಿಲ ಹಿಡಿಕೆ ಹಿಡಿದು ನಿಂತಿದ್ದಳು. ನೆರೆಮನೆಯ ಹೆಂಗಸು ಅವಳ ಭುಜ ಹಿಡಿದಿದ್ದಳು.

"ಅಮ್ಮ, ನನ್ ಗಾಡೀಲಿ ಹೋಗೋಣ ಬಾ."

"ನಾನು ಇದ್ರಲ್ಲೇ ಬರೋದು. ಬಿಡಿ ನನ್ನ! ಲೈಲ್! ಲೈಲ್!"

ಸಂಜೆಯಾಗುತ್ತಿತ್ತು. ಊಟಕ್ಕೆ ಬಂದವರೆಲ್ಲ ಮೆಟ್ಟಿಲ ಮೇಲೆ ಬಂದು ನಿಂತರು. ಅವಳು ಕೂಗುತ್ತಲೇ ಇದ್ದಳು. ಬರ್ಲ್ ಕೀಲಿಯನ್ನು ಕೊರಿನ್‌ಗೆ ಕೊಡಲು ಹೋದ.

"ನಂಗೆ ಗೇರ್ ಗಾಡಿ ಬರಲ್ಲ ಬರ್ಲ್. ಕಲಿಸ್ತೀನಿ ಕಲಿಸ್ತೀನಿ ಅಂತಾನೇ ಇದ್ರು ಅಪ್ಪ." ಅವಳು ತಿರುಗಿ ಚಿಕ್ಕಪ್ಪನನ್ನು ನೋಡಿದಳು. "ನೀನು ಕರ್ಕೊಂಡ್ ಹೋಗ್ತೀಯಾ?"

*

ಗಾರ್ಲಂಡ್ ಬಾಗಿಲು ತೆರೆದು ಆರ್ಡಿತ್‌ಳನ್ನು ಕೂರಿಸಿ ಬೆಲ್ಟ್ ಹಾಕಿದ. ಅವಳು ಕೂಗುವುದನ್ನು ನಿಲ್ಲಿಸಿದಳು. ಕೀಲಿ ತಿರುಗಿಸಿದೊಡನೆ ಎಂಜಿನ್ ಕಟಕಟನೆ ಬಡಿದುಕೊಂಡಿತು. ಫೋರ್ಜ್ಡ್ ಪಿಸ್ಟನ್ ತಣ್ಣಗಿದ್ದಾಗ ಹಾಗೆಯೇ. ಬಿಸಿಗೆ ಹಿಗ್ಗಿ ತನ್ನ ಜಾಗ ತುಂಬಿಕೊಂಡ ಮೇಲೆ ಸುಮ್ಮನಾಗುತ್ತದೆ. ಅವನು ಗೇರಿಗೆ ಕೈ ಹಾಕಿದ.

"ಅವಸರ ಮಾಡ್ಬೇಡ್ವೋ ಲೈಲ್," ಎಂದಳು ಆರ್ಡಿತ್. "ಬೆಚ್ಚಗಾಗ್ಲಿ."

ಅವನು ಕಾದ. ಬಡಿತ ನಿಧಾನವಾಗಿ ಮೆತ್ತಗಾಯಿತು. ಇಷ್ಟು ಚೆನ್ನಾಗಿ ಜೋಡಿಸಿದ ಎಂಜಿನ್ನನ್ನು ಗಾರ್ಲಂಡ್ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಅದನ್ನು ಲೈಲ್ ಒಬ್ಬನೇ ಜೋಡಿಸಿದ್ದ.

ಗಾಡಿ ರಸ್ತೆಗೆ ಬಂತು. ಎರಡೂ ಕಡೆ ಕೊಯ್ದು ಮುಗಿದ ಜೋಳದ ಹೊಲಗಳು. ಆರ್ಡಿತ್ ಕಿಟಕಿಯಾಚೆ ನೋಡಿದಳು.

"ಗಾರ್ಲಂಡ್ ಬಂದಿದ್ನಾ?" ಎಂದಳು ಇದ್ದಕ್ಕಿದ್ದಂತೆ.

ಅವನು ಕನ್ನಡಿಯನ್ನು ಸರಿಮಾಡಿದ.

"ಬಂದಿದ್ದ."

"ಒಳ್ಳೇದಾಯ್ತು. ಬಂದೇ ಬರ್ತಾನೆ ಅಂತ ಹೇಳ್ತಿದ್ಯಲ್ಲ. ಅವನಿಗೆ ಊಟ ಹಾಕಿದ್ಯಾ?"

"ಹಾಕ್ದೆ."

"ಸರಿ ಮತ್ತೆ."

ಅವಳು ಕೈಚಾಚಿ, ಗೇರಿನ ಮೇಲಿದ್ದ ಅವನ ಬಲಗೈಯನ್ನು ಎತ್ತಿಕೊಂಡು ತನ್ನ ಮಡಿಲಲ್ಲಿಟ್ಟು ಎರಡೂ ಕೈಯಿಂದ ಮುಚ್ಚಿದಳು. ಕಣ್ಣು ಮುಚ್ಚಿದಳು.

ಗೇರ್ ಬದಲಿಸಲು ಆ ಕೈ ಬೇಕಿತ್ತು. ಅವನು ಬಿಡಿಸಿಕೊಳ್ಳಲಿಲ್ಲ. ನೀಲಿ ಶೆವೆಲ್ ಮೊದಲ ಗೇರಿನಲ್ಲೇ ಗುರುಗುಡುತ್ತಾ ಸೈಕಲ್ಲಿನ ವೇಗದಲ್ಲಿ ಜಲಾಶಯದ ದಾರಿ ಹಿಡಿಯಿತು. ಚರ್ಚಿನಿಂದ ಮನೆಗೆ ಹೊರಟವರ ಗಾಡಿಗಳು ಒಂದೊಂದಾಗಿ ಬಂದು ಹಿಂದೆ ಸೇರಿಕೊಂಡವು. ಎದುರಿನಿಂದ ಒಂದೂ ಗಾಡಿ ಬರುತ್ತಿರಲಿಲ್ಲ, ರಸ್ತೆ ಕಣ್ಣು ಹಾಯುವವರೆಗೂ ಖಾಲಿಯಿತ್ತು. ಯಾರೂ ಹಾರ್ನ್ ಒತ್ತಲಿಲ್ಲ, ಯಾರೂ ದಾಟಿ ಮುಂದೆ ಹೋಗಲಿಲ್ಲ.