ಇಪ್ಪತ್ತೆರಡು ಮಗ್ ನೀರು

ಸ್ಟ್ರೆಚರ್ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದಿನ ಇಬ್ಬರು ಇಳಿಯುವಂತಿಲ್ಲ, ಹಿಂದಿನ ಇಬ್ಬರು ಹತ್ತುವಂತಿಲ್ಲ. ಗೋಡೆಗುಂಟ ಇಳಿದ ನೀರಿನ ಪೈಪೊಂದು ಸರಿಯಾಗಿ ಆ ಮೂಲೆಯಲ್ಲೇ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿತ್ತು.

"ಯಾರಪ್ಪ ಈ ಪೈಪನ್ನ ಇಲ್ಲಿ ಬಗ್ಗಿಸಿದ್ದು? ತಲೆ ಇದೆಯಾ ಅವನಿಗೆ?" ಎಂದ ಶವದ ವ್ಯಾನಿನ ಡ್ರೈವರ್, ಏದುಸಿರು ಬಿಡುತ್ತ.

"ಅವನ ತಲೆ ನಿನ್ನ ಕೈಯಲ್ಲೇ ಇದೆ. ಸ್ವಲ್ಪ ಹುಷಾರಾಗಿ ಹಿಡ್ಕೋ," ಎಂದ ಹಿಂದೆ ಹಿಡಿದಿದ್ದ ಎಲೆಕ್ಟ್ರಿಷಿಯನ್, ಸತ್ತವನ ಹಳೆಯ ಗೆಳೆಯ.

ಡ್ರೈವರ್ ನಾಲಿಗೆ ಕಚ್ಚಿಕೊಂಡ. ಎರಡನೇ ಮಹಡಿಯ ಅಜ್ಜಿಗೆ ಕೆಳಗಿನಿಂದ ಕೊಡ ಹೊರಲಾಗುವುದಿಲ್ಲ ಎಂದು ಸತ್ತವನೇ ಒಂದು ಭಾನುವಾರ ಕೂತು ಬಗ್ಗಿಸಿದ ಪೈಪು ಅದು. ಹಿಂದಿನಿಂದ ಸತ್ತವನ ಹೆಂಡತಿಯ ದನಿ ಬಂತು. "ತಲೆ ಕಡೆ ಮೇಲಕ್ಕೆ ಎತ್ತಿ, ಆಮೇಲೆ ತಿರುಗಿಸಿ. ನಮ್ಮ ಬೀರು ಹಂಗೇ ಮೇಲೆ ಬಂದಿದ್ದು. ಅವರೇ ಹೇಳ್ಕೊಟ್ಟಿದ್ರು."

ಎತ್ತಿ ತಿರುಗಿಸಿದರು. ಬೀರುವಿನಂತೆಯೇ ಅವನೂ ಇಳಿದ.

ಅವನಿಗೆ ಅರವತ್ತೊಂದು. ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಪ್ಲಂಬರ್. ಹುಡುಗರು ಪ್ರೀತಿಯಿಂದ ‘ನಲ್ಲಿ ಮೇಷ್ಟ್ರು’ ಎನ್ನುತ್ತಿದ್ದರು. ಸೋರುವ ನಲ್ಲಿಯನ್ನು ರಿಪೇರಿ ಮಾಡುವಾಗ ಅಕ್ಕಪಕ್ಕ ನಿಂತವರಿಗೆಲ್ಲ ವಾಷರಿನ ಪಾಠ ಹೇಳದೆ ಬಿಡುತ್ತಿರಲಿಲ್ಲ. ಏಳು ವರ್ಷದ ಹಿಂದೆ ಆ ಕೆಲಸ ಹೋಯಿತು. ಮೊನ್ನೆ ಬೆಳಿಗ್ಗೆ ಯಾರದೋ ನಾಲ್ಕಂತಸ್ತಿನ ಕಟ್ಟಡದ ಮೇಲಿನ ನೀರಿನ ಟ್ಯಾಂಕಿಗೆ ಹತ್ತುವಾಗ, ತುಕ್ಕು ಹಿಡಿದ ಏಣಿಯ ಒಂದು ಮೆಟ್ಟಿಲು ಕಿತ್ತು ಕೈಗೆ ಬಂತು.

ಕೆಳಗೆ ಅಂಗಳದಲ್ಲಿ ಪ್ರೊಫೆಸರ್ ಕಾಯುತ್ತಿದ್ದರು. ನಿವೃತ್ತರಾಗಿ ಮೂರು ವರ್ಷವಾದರೂ ಕಾಲೇಜಿನಲ್ಲಿ ಈಗಲೂ ಅವರದೇ ಮಾತು. ಸಮಾಜ ಹೇಗೆ ನಡೆಯುತ್ತದೆ, ಪೇಟೆ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಅವರದೊಂದು ಸಿದ್ಧಾಂತವಿತ್ತು. ಅದರ ಮೇಲೆ ಏಳು ಪುಸ್ತಕ ಬರೆದಿದ್ದರು. ಮಂತ್ರಿಗಳು ಕರೆಸಿ ಕೇಳುತ್ತಿದ್ದರು. ಸ್ಟ್ರೆಚರನ್ನು ವ್ಯಾನಿಗೆ ಏರಿಸುವ ಮುಂಚೆ ಎರಡು ಮಾತಾಡುತ್ತೇನೆ ಎಂದರು. ಬೇಡ ಎನ್ನುವುದು ಯಾರಿಗೂ ತೋಚಲಿಲ್ಲ.

"ಸಮಾಜ ಅನ್ನೋದು ನೀರಿದ್ದ ಹಾಗೆ," ಎಂದು ಶುರುಮಾಡಿದರು. "ಒಂದು ಕಡೆ ತಗ್ಗಿದ್ರೆ ಇನ್ನೊಂದು ಕಡೆಯಿಂದ ತಾನಾಗೇ ಹರಿದು ಬಂದು ಮಟ್ಟ ಸರಿ ಹೋಗುತ್ತೆ. ನಾನು ಇದನ್ನ ಬರೆದೆ, ಅಷ್ಟೇ. ಇವರು ಬದುಕಿ ತೋರಿಸಿದ್ರು. ಕಾಲೇಜು ಬಿಟ್ಟ ಮೇಲೆ ಅಳ್ತಾ ಕೂರಲಿಲ್ಲ. ಆ ವಯಸ್ಸಲ್ಲಿ ಸ್ವಂತ ಉದ್ಯೋಗ ಕಟ್ಟಿಕೊಂಡ್ರು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ."

ಕಾಲೇಜು ಬಿಟ್ಟರಂತೆ! ಬಿಟ್ಟದ್ದಲ್ಲ, ಬಿಡಿಸಿದ್ದು. ರಿಪೇರಿ ವಿಭಾಗವೇ ಅನಗತ್ಯ, ರಿಪೇರಿ ಬೇಕಾದಾಗ ಮಾಡುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ ಎಂದು ಒಂದು ವರದಿ ಬಂತು. ಹನ್ನೊಂದು ಜನ ಒಂದೇ ಮಧ್ಯಾಹ್ನ ಗೇಟಿನಾಚೆ ನಿಂತರು. ವರದಿಯ ಕೊನೆಯ ಪುಟದಲ್ಲಿದ್ದ ಸಹಿ ಈಗ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿರುವ ಇದೇ ಮಹಾಶಯರದು. ಇನ್ನು ಆ ಸ್ವಂತ ಉದ್ಯೋಗ? ಎರಡು ಸ್ಪ್ಯಾನರ್ ಹಾಕಿದ ಒಂದು ಚೀಲ, ಕಾಂಪೌಂಡ್ ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಫೋನ್ ನಂಬರು. ಮಳೆ ಬಂದಾಗಲೆಲ್ಲ ಆ ನಂಬರನ್ನು ಮತ್ತೆ ಬರೆಯಬೇಕಿತ್ತು.

"ಅಮ್ಮ, ನಾನೀಗ ಬಾಯಿ ಬಿಡ್ತೀನಿ," ಎಂದಳು ಮಗಳು. ಕೊರಿಯರ್ ಆಫೀಸಿನಲ್ಲಿ ದಿನವಿಡೀ ಗಿರಾಕಿಗಳ ಬೈಗುಳ ನುಂಗುವ ಹುಡುಗಿ. ಇವತ್ತು ನುಂಗುವ ಮನಸ್ಸಿರಲಿಲ್ಲ.

ತಾಯಿ ಅವಳ ಮಣಿಕಟ್ಟು ಹಿಡಿದುಕೊಂಡಳು.

ಪ್ರೊಫೆಸರ್ ಹತ್ತಿರ ಬಂದರು. "ಅಮ್ಮ, ನಿನ್ನೆ ಫೋನಲ್ಲಿ ಕೇಳಿದ್ದು. ದಾರಿಯಲ್ಲೇ ಕಾಲೇಜು. ಹತ್ತು ನಿಮಿಷ ವ್ಯಾನ್ ನಿಲ್ಲಿಸಿದ್ರೆ, ಹಾಲ್‌ನಲ್ಲಿ ಆ ನೀರಿನ ಯಂತ್ರ ಓಡಿಸಿ ಅವರಿಗೆ ಗೌರವ ಸಲ್ಲಿಸ್ತೀವಿ. ಅವರು ನೋಡ್ಕೊಂಡ ಯಂತ್ರ. ಏಳು ವರ್ಷದಿಂದ ಸುಮ್ಮನೆ ನಿಂತಿದೆ. ಹುಡುಗರೂ ನೋಡಲಿ."

ನಿನ್ನೆ ಅವಳು ಆಗುವುದಿಲ್ಲ ಎಂದು ಫೋನ್ ಇಟ್ಟಿದ್ದಳು. ಈಗ ಅವರ ಮುಖವನ್ನೇ ನೋಡಿದಳು. ನನ್ನ ಸಿದ್ಧಾಂತಕ್ಕೆ ಸಾಕ್ಷಿ. ಸತ್ತವನನ್ನೂ ಸುಮ್ಮನೆ ಬಿಡಲಿಲ್ಲ ಈ ಮನುಷ್ಯ.

"ಆಗ್ಲಿ," ಎಂದಳು. "ಹತ್ತು ನಿಮಿಷ."

ಮಗಳು ಬೆಚ್ಚಿ ನೋಡಿದಳು. ತಾಯಿ ಮಂಡಿ ಹಿಡಿದುಕೊಂಡು ಮತ್ತೆ ಮೂರು ಮಹಡಿ ಹತ್ತಿ ಹೋದಳು. ಇಳಿದು ಬಂದಾಗ ಕೈಯಲ್ಲಿ ಒಂದು ಹಳೆಯ ನೀಲಿ ಮಗ್ ಇತ್ತು, ಅಂಚಿನ ಬಣ್ಣ ಚಕ್ಕೆ ಎದ್ದದ್ದು. ಎಲೆಕ್ಟ್ರಿಷಿಯನ್ನನ್ನು ಪಕ್ಕಕ್ಕೆ ಕರೆದಳು. "ನೀನು ಸ್ಕೂಟರಲ್ಲಿ ಮುಂದೆ ಹೋಗು. ಯಂತ್ರದ ಹಿಂದಿನ ಹಲಗೆ ತೆಗೆದುಬಿಡು."

ಅವನು ಮಗ್ ನೋಡಿದ. ಹನ್ನೊಂದು ಜನರಲ್ಲಿ ಅವನೂ ಒಬ್ಬ. ಈಗ ಅದೇ ಕಾಲೇಜು ಬೇಕಾದಾಗ ಕರೆದು ಬೇಡವಾದಾಗ ಕಳಿಸುವ ದಿನಗೂಲಿ. "ಅತ್ತಿಗೆ, ಹಂಗೆ ಮಾಡಿದ್ರೆ ನನ್ನನ್ನ ಇನ್ನು ಗೇಟ್ ಒಳಗೂ ಬಿಡಲ್ಲ," ಎಂದ. ಆಮೇಲೆ ಸ್ಕೂಟರ್ ಒದ್ದ.

*

ಆಳೆತ್ತರದ ಯಂತ್ರ ಅದು. ಗಾಜಿನ ತೊಟ್ಟಿಗಳು, ಅವನ್ನು ಜೋಡಿಸುವ ಕೊಳವೆಗಳು, ಕೆಳಗೊಂದು ಪಂಪು. ಒಳಗೆ ಕೆಂಪು ಬಣ್ಣ ಕಲಸಿದ ನೀರು. ಒಂದೊಂದು ತೊಟ್ಟಿಯ ಮೇಲೂ ಒಂದೊಂದು ಹೆಸರು: ಕೂಲಿ, ಖರ್ಚು, ತೆರಿಗೆ, ಎಲ್ಲಕ್ಕಿಂತ ಮೇಲೆ ಉಳಿತಾಯ. ಕೂಲಿ ತೊಟ್ಟಿಯಲ್ಲಿ ತೇಲುವ ಬಿರಡೆಗೆ ಒಂದು ಪೆನ್ನು ಕಟ್ಟಿತ್ತು. ನೀರು ಏರಿದರೆ ಕಾಗದದ ಮೇಲೆ ಗೆರೆ ಏರುವುದು, ಇಳಿದರೆ ಇಳಿಯುವುದು. ಇಡೀ ದೇಶವೇ ಇದರಲ್ಲಿದೆ ಎಂದು ಪ್ರೊಫೆಸರ್ ಹೇಳುತ್ತಿದ್ದರು.

ಪಾಠದ ದಿನ ಅವರು ಕೂಲಿ ತೊಟ್ಟಿಯ ನಲ್ಲಿ ತಿರುಗಿಸಿ ಅರ್ಧ ನೀರನ್ನು ಬಕೆಟ್ಟಿಗೆ ಬಿಡುತ್ತಿದ್ದರು. ಇದು ಕಷ್ಟಕಾಲ. ಪೆನ್ನು ಕುಸಿಯುತ್ತಿತ್ತು. ಆಮೇಲೆ ಅವರು ಯಂತ್ರಕ್ಕೆ ಬೆನ್ನು ಹಾಕಿ, ಹುಡುಗರ ಕಡೆ ತಿರುಗಿ, ಕೈಕಟ್ಟಿ ನಿಲ್ಲುತ್ತಿದ್ದರು. ಮೇಲಿನ ತೊಟ್ಟಿಯಿಂದ ನೀರು ತಾನಾಗಿ ಇಳಿದು ಬರುತ್ತಿತ್ತು, ಗೆರೆ ಮೆಲ್ಲಗೆ ಏರಿ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ಉಳಿತಾಯದ ತೊಟ್ಟಿಯ ತಳದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದು ಸದಾ ಸೋರುತ್ತಿತ್ತು. ಪ್ಲಂಬರ್ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ನೀರು ಸಾಲದೆ ಪಂಪು ಒಣಗಿ ಓಡಿ ಸುಟ್ಟುಹೋಯಿತು, ಪಾಠ ಅರ್ಧಕ್ಕೆ ನಿಂತಿತು. "ನಾನು ಮಾತಾಡುವಾಗ ಇದು ನಿಲ್ಲಬಾರದು. ಹೇಗೆ ನೋಡ್ಕೋತೀಯೋ ನಿಂಗೆ ಬಿಟ್ಟಿದ್ದು," ಎಂದಿದ್ದರು ಪ್ರೊಫೆಸರ್. ಹೊಸ ತೊಟ್ಟಿ ಬೇಕೆಂದು ಅವನು ನಾಲ್ಕು ಸಲ ಅರ್ಜಿ ಬರೆದ. ನಾಲ್ಕೂ ಸಲ ಅರ್ಜಿ ಹೋದ ದಾರಿಯಲ್ಲೇ ವಾಪಸಾಯಿತು. ಕೊನೆಗೆ ಹಿಂದಿನ ಹಲಗೆಯ ಮರೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಮನೆಯಿಂದ ನೀಲಿ ಮಗ್ ತಂದ. ಬಕೆಟ್ಟಿನಲ್ಲಿ ಇನ್ನಷ್ಟು ಕೆಂಪು ನೀರು ಕಲಸಿಟ್ಟುಕೊಂಡು, ಪಾಠ ನಡೆಯುವಾಗಲೆಲ್ಲ ಮೇಲಿನ ತೊಟ್ಟಿಗೆ ಸುರಿದ.

"ಇವತ್ತು ಎಷ್ಟಾಯ್ತು?" ಎಂದು ಹೆಂಡತಿ ಕೇಳುತ್ತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದವಳಿಗೆ ಆ ಮಾತು ಕೇಳಿದರೆ ದಣಿವು ಇಳಿಯುತ್ತಿತ್ತು.

"ಇಪ್ಪತ್ತೆರಡು ಮಗ್. ಯಾವಾಗ್ಲೂ ಇಪ್ಪತ್ತೆರಡೇ."

"ಹಂಗಾದ್ರೆ ದೇಶ ನಡೆಸ್ತಿರೋರು ನೀವೇ ಬಿಡಿ."

*

ಪಂಪಿನ ಗದ್ದಲದಲ್ಲಿ ಹದಿನಾಲ್ಕು ವರ್ಷ ಅವನಿಗೆ ಪಾಠದ ಒಂದು ಮಾತೂ ಕೇಳಿಸಿರಲಿಲ್ಲ. ಹೊಸ ಪಂಪು ಬಂತು, ಅದು ಸದ್ದು ಮಾಡುತ್ತಿರಲಿಲ್ಲ. ಆ ದಿನ ಮಗ್ ಎತ್ತಿದ ಕೈ ಎತ್ತಿದ ಹಾಗೇ ಇರುವಾಗ ಹಲಗೆಯಾಚೆಯ ದನಿ ಸ್ಪಷ್ಟವಾಗಿ ಬಂತು. "ಗಮನಿಸಿ. ಯಾರ ಕೈಯೂ ಬೇಕಿಲ್ಲ. ಬಿದ್ದದ್ದು ತಾನಾಗೇ ಏಳುತ್ತೆ. ಕೈ ಹಾಕಿದ್ರೇ ಕೆಡೋದು."

ಪಾಠ ಮುಗಿದ ಮೇಲೆ ಒದ್ದೆ ತೋಳಿನಲ್ಲೇ ಅವರ ಕೋಣೆಗೆ ಹೋದ.

"ಸರ್, ಕೈ ಇದೆ ಸರ್. ನಂದು."

ಪ್ರೊಫೆಸರ್ ನಕ್ಕರು. ಕೆಟ್ಟ ನಗುವೂ ಅಲ್ಲ, ಮಗು ಮಾತಾಡಿದಾಗ ನಗುವಂಥದು. "ಅದು ನಿರ್ವಹಣೆ ಕಣಯ್ಯ. ಸಿದ್ಧಾಂತದಲ್ಲಿ ನಿರ್ವಹಣೆ ಬರಲ್ಲ."

"ಮತ್ತೆ ಆ ನೀರು ಸರ್?"

"ಸಣ್ಣಪುಟ್ಟ ಸೋರಿಕೆ. ಅದನ್ನ ಬಿಟ್ಟೇ ಯೋಚನೆ ಮಾಡೋದು."

ಅಂದು ಅವನು ಊಟಕ್ಕೆ ಕೂತು ತಟ್ಟೆ ಮುಟ್ಟಲಿಲ್ಲ. "ತಪ್ಪು ನಂದೇ ಕಣೆ," ಎಂದ ಹೆಂಡತಿಗೆ. "ಒಂದು ದಿನ ಸುಮ್ನೆ ಕೂತಿದ್ರೆ ಎಲ್ಲರಿಗೂ ಕಾಣ್ತಿತ್ತು. ಪಂಪ್ ಸುಟ್ಟುಹೋಗುತ್ತಲ್ಲ ಅಂತ ಸುರಿದೆ. ಅವರು ಅದನ್ನೇ ಪುಸ್ತಕ ಮಾಡಿದ್ದಾರೆ."

"ಸರಿ, ನಾಳೆಯಿಂದ ಸುರೀಬೇಡಿ."

"ನೀರಿಲ್ದೆ ಪಂಪ್ ಓಡೋ ಸದ್ದು ಕೇಳಿದ್ದೀಯಾ? ಕೇಳ್ಕೊಂಡು ಕೂರಕ್ಕಾಗಲ್ಲ."

ಮತ್ತೂ ಐದು ವರ್ಷ ಸುರಿದ. ಆಮೇಲೆ ಆ ವರದಿ ಬಂತು.

*

ವ್ಯಾನು ಕಾಲೇಜಿನ ಬಾಗಿಲ ಮುಂದೆ ನಿಂತಿತು. ಹಾಲ್‌ನಲ್ಲಿ ಐವತ್ತು ಅರವತ್ತು ಹುಡುಗ ಹುಡುಗಿಯರು, ಗೋಡೆಯ ಮೇಲೆ ಚೌಕಟ್ಟು ಹಾಕಿದ ಹಳೆಯ ಗೆರೆ: ಕುಸಿದು, ಎದ್ದು, ನೆಟ್ಟಗೆ ನಿಂತದ್ದು. ಯಂತ್ರ ಅರ್ಧ ತಿರುಗಿ ನಿಂತಿತ್ತು. ಪೆನ್ನೂ ಕಾಣುತ್ತಿತ್ತು, ಹಲಗೆಯಿಲ್ಲದ ಹಿಂಬದಿಯೂ.

"ಇದೇನಯ್ಯ ಹೀಗೆ?" ಎಂದರು ಪ್ರೊಫೆಸರ್.

"ಪಂಪ್ ನೋಡೋಕೆ ತಿರುಗಿಸಿದ್ದು ಸರ್. ಕೆಳಗಿನ ಚಕ್ರ ಹಿಡ್ಕೊಂಡುಬಿಟ್ಟಿದೆ, ವಾಪಸ್ ತಿರುಗ್ತಿಲ್ಲ," ಎಂದ ಎಲೆಕ್ಟ್ರಿಷಿಯನ್, ಕಣ್ಣು ಕೂಡ ಮಿಟುಕಿಸದೆ.

ಅವಳು ಯಾರನ್ನೂ ಕೇಳದೆ ಹೋಗಿ ಹಿಂಬದಿಯ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷ ಬರೀ ಕೇಳಿದ್ದ ಜಾಗವನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಅವನು ಗೋಡೆಗೆ ತಲೆ ಒರಗಿಸುತ್ತಿದ್ದ ಕಡೆ ಎಣ್ಣೆಯ ಕಲೆಯಿತ್ತು. ಮಗ್ ಮಡಿಲಲ್ಲಿಟ್ಟುಕೊಂಡಳು.

ಪಂಪು ಹೊರಟಿತು. ಪ್ರೊಫೆಸರ್ ಒಂದು ನಿಮಿಷ ಮೌನ ಆಚರಿಸಿ, ನಲ್ಲಿ ತಿರುಗಿಸಿದರು. ಕೆಂಪು ನೀರು ಬಕೆಟ್ಟಿಗೆ ಬಿತ್ತು, ಪೆನ್ನು ಕುಸಿಯಿತು. ಅವರು ಹುಡುಗರ ಕಡೆ ತಿರುಗಿ ಕೈಕಟ್ಟಿದರು. "ಈಗ ನೋಡಿ," ಎಂದರು.

ಹುಡುಗರು ನೋಡಿದರು. ಮೇಲಿನ ತೊಟ್ಟಿಯಿಂದ ನೀರು ಇಳಿಯಿತು, ಗೆರೆ ಒಂದಿಷ್ಟು ತಲೆಯೆತ್ತಿತು, ತೊಟ್ಟಿ ಬರಿದಾಯಿತು. ಗೆರೆ ಮತ್ತೆ ಕೆಳಗೆ ಹೊರಟಿತು. ಪ್ರೊಫೆಸರ್ ಚಪ್ಪಾಳೆಗೆ ಕಾಯುತ್ತಲೇ ಇದ್ದರು.

ಆಗ ಪಂಪು ಕೂಗತೊಡಗಿತು. ಗಂಟಲು ಒಣಗಿದ ಪ್ರಾಣಿಯ ಹಾಗೆ, ಸಣ್ಣಗೆ, ಬಿಡದೆ. ಅವಳ ಕೈ ತಾನಾಗಿ ಮಗ್ ಎತ್ತಿತು. ಕೇಳಿಕೊಂಡು ಕೂರಕ್ಕಾಗಲ್ಲ ಎಂದಿದ್ದನಲ್ಲ, ನಿಜವಾಗಿಯೂ ಆಗುವುದಿಲ್ಲ. ಎಲೆಕ್ಟ್ರಿಷಿಯನ್ ಕೆಂಪು ನೀರು ಕಲಸಿಟ್ಟಿದ್ದ ಬಕೆಟ್ಟು ಕಾಲ ಬುಡದಲ್ಲೇ ಇತ್ತು, ಬಗ್ಗಿದರೆ ಸಾಕು. ಅವಳು ಬಗ್ಗಲಿಲ್ಲ. ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಮಗ್ಗನ್ನು ಅದುಮಿ ಹಿಡಿದು ಕೂತಳು. ಅವನು ಸುಮ್ಮನೆ ಕೂರಬೇಕಾಗಿದ್ದ ಆ ಒಂದು ದಿನವನ್ನು ಅವನ ಪರವಾಗಿ ತಾನು ಕೂತಳು. ಕಣ್ಣಿಂದ ನೀರು ಸುರಿಯುತ್ತಿತ್ತು.

ಪ್ರೊಫೆಸರ್ ತಿರುಗಿ ನೋಡಿದರು. ಪೆನ್ನು ಕಾಗದದ ಕೆಳಗಿನ ಅಂಚಿನಲ್ಲಿತ್ತು.

"ನೀರು! ಯಾರಾದ್ರೂ ನೀರು ಹಾಕ್ರಯ್ಯ!"

"ಸ್ವಿಚ್ ಆಫ್ ಮಾಡ್ಲಾ ಸರ್?" ಎಂದ ಎಲೆಕ್ಟ್ರಿಷಿಯನ್.

"ಬೇಡ, ಬೇಡ! ಗೆರೆ ಮೇಲೆ ಬರ್ಲಿ ಮೊದಲು!"

ಅವಳು ಎದ್ದು ಮಗ್ಗನ್ನು ಅವರ ಕೈಗೆ ಕೊಟ್ಟಳು. "ನಿಮ್ಮ ಯಂತ್ರ. ನೀವೇ ಹಾಕಿ. ಇಪ್ಪತ್ತೆರಡು ಬೇಕಾಗುತ್ತೆ. ನನ್ನ ಗಂಡ ಹತ್ತೊಂಬತ್ತು ವರ್ಷ ಇಲ್ಲೇ ಕೂತು ಹಾಕ್ತಿದ್ರು. ನಿಮಗೆ ಹೇಳಿದ್ರು ಕೂಡ."

ಪಂಪು ಕಿರುಚುತ್ತಿತ್ತು. ಅರವತ್ತು ಜೊತೆ ಕಣ್ಣು ನೋಡುತ್ತಿತ್ತು. ಪ್ರೊಫೆಸರ್ ಸ್ಟೂಲಿನ ಮೇಲೆ ಕೂತರು, ಬಕೆಟ್ಟಿಗೆ ಮಗ್ ಅದ್ದಿ ಸುರಿದರು. ಇನ್ನೊಂದು. ಮತ್ತೊಂದು. ಕೆಂಪು ನೀರು ಬಿಳಿ ಅಂಗಿಯ ತೋಳಿನ ಮೇಲೆ ಇಳಿಯಿತು. ಗೆರೆ ಕದಲಿ, ಮೆಲ್ಲಗೆ ಏರತೊಡಗಿತು.

ಮುಂದಿನ ಸಾಲಿನ ಒಬ್ಬ ಹುಡುಗಿ ಪ್ರೊಫೆಸರರದೇ ಪುಸ್ತಕ ತೆರೆದು, ಯಂತ್ರದ ಚಿತ್ರದ ಮೇಲೆ ಬೆರಳಾಡಿಸುತ್ತಿದ್ದಳು. "ಸರ್, ಈ ಮಗ್ ಚಿತ್ರದಲ್ಲಿ ಎಲ್ಲಿದೆ?" ಎಂದು ಕೇಳಿದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಪ್ರೊಫೆಸರ್ ಇನ್ನೊಂದು ಮಗ್ ಅದ್ದಿದರು.

ಹೊರಗೆ ಡ್ರೈವರ್ ಹಾರ್ನ್ ಮಾಡಿದ. ಹತ್ತು ನಿಮಿಷ ಆಗಿತ್ತು.

"ನಡಿ," ಎಂದಳು ಅವಳು ಮಗಳಿಗೆ. "ಅಪ್ಪನಿಗೆ ಹೊತ್ತಾಯ್ತು." ಎಲೆಕ್ಟ್ರಿಷಿಯನ್ ಹಿಂದೆ ಬಂದ. ಒಂದಿಬ್ಬರು ಹುಡುಗರು ಬಂದರು. ಆಮೇಲೆ ಏಳೆಂಟು ಜನ ಬಂದು ವ್ಯಾನಿನ ಹಿಂದೆ ಸಾಲಾಗಿ ನಿಂತರು.

ವ್ಯಾನು ತಿರುಗುವಾಗ ಹಾಲ್‌ನ ಬಾಗಿಲು ಕಾಣಿಸಿತು. ಪ್ರೊಫೆಸರ್ ಕೈ ನಿಲ್ಲಿಸಿ ಗೆರೆ ನೋಡಿದರು, ಗೆರೆ ಜಾರಿತು, ಅವರು ಮತ್ತೆ ಬಗ್ಗಿದರು. ಏಳು ವರ್ಷದಲ್ಲಿ ಬಿರುಕು ಬೆಳೆದಿತ್ತು. ಒಳಗೆ ಉಳಿದ ಹುಡುಗರು ಒಟ್ಟಾಗಿ ಎಣಿಸುತ್ತಿದ್ದ ದನಿ ಗೇಟಿನವರೆಗೂ ಕೇಳುತ್ತಿತ್ತು: ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.