ದಿನಬಳಕೆಗೆ ಎಂಟು ಸಾಕು

"ಎಷ್ಟಕ್ಕೆ ನಿಲ್ಲಿಸ್ಲಿ? ಬೇಗ ಹೇಳೋ."

ಬಾನೆಟ್ಟಿನ ಮೇಲೆ ಹಳೆಯ ಟವೆಲ್ ಹಾಸಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಜಿರಳೆ ಕೇಳಿದ. ಕಾರು ತಂದವನ ಜೊತೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈಗ ವೇಗದ ಕಾರುಗಳ ಎಂಜಿನ್ ತಿದ್ದುವ ಗ್ಯಾರೇಜ್ ನಡೆಸುತ್ತಾನೆ. ನಿಜವಾದ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುವುದಿಲ್ಲ.

"ಈಗ ಎಷ್ಟಿದೆ?"

"ಹದಿನೆಂಟು ಪೌಂಡ್. ನಿನ್ನ ಕಾರು, ನನ್ನ ಕೇಳ್ತೀಯ?"

ಕಾರು ತಂದವನು ಗೊತ್ತಿಲ್ಲದೆ ಕೇಳಿದ್ದಲ್ಲ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ಅದೇ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ತುರುಕುವ ಒತ್ತಡ ಎಷ್ಟೋ ಕಾರಿನ ಪೌರುಷ ಅಷ್ಟು. ಆ ಹದಿನೆಂಟನ್ನು ಎರಡು ವರ್ಷ ಅವನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ. ಇಳಿಸುವ ಮುಂಚೆ ಇನ್ನೊಬ್ಬರ ಬಾಯಲ್ಲಿ ಒಮ್ಮೆ ಕೇಳಬೇಕೆನಿಸಿತ್ತು.

"ದಿನಬಳಕೆಗೆ ತಕ್ಕ ಹಾಗೆ ಮಾಡು."

"ಹಾಗಾದ್ರೆ ಎಂಟು ಸಾಕು. ಅದಕ್ಕಿಂತ ಕೆಳಗೆ ಇಳಿಯೋದೂ ಇಲ್ಲ, ಒಳಗಿನ ಸ್ಪ್ರಿಂಗೇ ಅಷ್ಟರದ್ದು. ಏನು, ಮನೆಯಿಂದ ಆರ್ಡರ್ ಆಯ್ತಾ?"

"ಹಾಗೇನಿಲ್ಲ. ಪೆಟ್ರೋಲು..."

"ಹ್ಞಾಂ, ಪೆಟ್ರೋಲು! ಇಲ್ಲಿಗೆ ಬರೋ ಗಂಡಂದಿರಿಗೆಲ್ಲ ಪೆಟ್ರೋಲಿಂದೇ ಚಿಂತೆ." ಜಿರಳೆ ಒಂದು ಬಟನ್ ಒತ್ತಿದ. "ಮುಗೀತು. ವಾರದೊಳಗೆ 'ಕಾರು ಸತ್ತುಹೋಯ್ತು ಕಣೋ' ಅಂತ ಅಳ್ತಾ ಬರ್ತೀಯ ನೋಡು. ಎಲ್ರೂ ಬರ್ತಾರೆ."

ಸದ್ದಿಲ್ಲ. ಒಂದು ಬೋಲ್ಟು ಕೂಡ ಬಿಚ್ಚಲಿಲ್ಲ. ಹಲ್ಲು ಕೀಳಿಸಿಕೊಂಡವನಿಗಾದರೂ ನಾಲಿಗೆ ಹೊರಳಿಸಲು ಒಂದು ತೂತು ಉಳಿದಿರುತ್ತದೆ.

ಅವನ ಹೆಂಡತಿ ಹಲ್ಲಿನ ಡಾಕ್ಟರು. ದಿನವಿಡೀ ಕಂಡವರ ಬಾಯೊಳಗೆ ಡ್ರಿಲ್ ಹಿಡಿದರೂ ಅಲುಗದ ಕೈ ಅವಳದು. ಆ ಕೈ ನಡುಗಿದ್ದನ್ನು ಅವನು ನೋಡಿದ್ದು ಒಂದೇ ಸಲ. ಕೆಲವು ತಿಂಗಳ ಹಿಂದೆ ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟಲು ಅವನು ಆಕ್ಸಿಲರೇಟರಿನ ಮೇಲೆ ಕಾಲೂರಿದಾಗ ಕಾರು ಚಂಗನೆ ನೆಗೆದಿತ್ತು. ಅವಳು ಅವನ ತೋಳು ಹಿಡಿದಿದ್ದಳು. ಅಂದಿನಿಂದ ಬಾಡಿಗೆ ಕಾರಿನಲ್ಲಿ ಕೂತವಳ ಹಾಗೆ ಹಿಂದಿನ ಸೀಟಿನಲ್ಲೇ ಕೂರುತ್ತಾಳೆ. ಅದನ್ನ ಇಳಿಸಿಕೊಂಡು ಬನ್ನಿ, ಮುಂದೆ ಕೂರ್ತೀನಿ ಎಂದಿದ್ದಳು. ಇವತ್ತು ಸಂಜೆ ಅವಳ ಅಕ್ಕನ ಮನೆಗೆ ಊಟಕ್ಕೆ ಹೋಗಬೇಕು.

ಅವನಿಗೆ ಬೇಕಾದದ್ದು ಇಷ್ಟೇ: ಅವಳು ಮುಂದೆ ಬಂದು ಕೂರಬೇಕು. ಆದರೆ ಹೆದರಿಕೊಂಡೇ ಕೂರಬೇಕು.

ಗ್ಯಾರೇಜಿನಿಂದ ಆಫೀಸಿಗೆ ಹೊರಟವನು ಕಳೆದುಕೊಂಡದ್ದು ಗೊತ್ತಾಗಲೆಂದು ಕಾದ. ಸಿಗ್ನಲ್ ಬಿಟ್ಟಾಗ ಕಾದ. ಮೇಲ್ಸೇತುವೆಯ ಏರಿನಲ್ಲಿ ಕಾದ. ಕಾರು ನಿನ್ನೆ ಹೋದ ಹಾಗೆಯೇ ಹೋಯಿತು. ಒತ್ತಡ ತೋರಿಸುವ ಮುಳ್ಳು ನಾಲ್ಕಕ್ಕೆ ಬಂದು, ಐದನ್ನು ಮುಟ್ಟಿ, ತಣ್ಣೀರಿಗೆ ಬೆರಳದ್ದಿದವನ ಹಾಗೆ ಹಿಂದೆ ಸರಿಯಿತು. ನಿನ್ನೆಯೂ ಐದೇ. ಮೊನ್ನೆಯೂ.

ಲಾರಿ ದಾಟಿದ ದಿನ? ಅವತ್ತು ಮುಳ್ಳನ್ನು ನೋಡಿರಲಿಲ್ಲ. ಅವಳು ತೋಳು ಹಿಡಿದ ತಕ್ಷಣ ಕಾಲು ತೆಗೆದಿದ್ದ.

ವಿಮಾ ಕಂಪನಿಯಲ್ಲಿ ಅವನದು ಅಪಾಯ ಅಳೆಯುವ ಕೆಲಸ. ಎಷ್ಟು ವಯಸ್ಸಿನವನು ಎಂಥ ಗಾಡಿ ಓಡಿಸಿದರೆ ಸಾಯುವ ಸಂಭವ ಎಷ್ಟು ಎಂದು ಲೆಕ್ಕ ಹಾಕುತ್ತಾನೆ. ಕಾರು ಕೊಂಡ ಹೊಸದರಲ್ಲಿ ತನ್ನದನ್ನೂ ಹಾಕಿ ನೋಡಿದ್ದ. ಸ್ವಲ್ಪ ಹೆಚ್ಚೇ ಬಂದಿತ್ತು. ಸಂತೋಷವಾಗಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅಕೌಂಟ್ಸ್ ವಿಭಾಗದ ಬೋಳುತಲೆಯವರು ತಟ್ಟೆ ಹಿಡಿದು ಬಂದು ಎದುರು ಕೂತರು.

"ಏನ್ ರೇಸ್ ಸಾಹೇಬ್ರೇ, ನಿನ್ನೆ ಸ್ಪೀಡು ಎಲ್ಲೀವರೆಗೆ ಮುಟ್ಟಿಸಿದ್ರಿ?"

"ಕೇಳ್ಬೇಡಿ."

"ನಮ್ಮ ಹತ್ರಾನೂ ಗುಟ್ಟಾ? ನಿಮ್ಮನೆಯವ್ರ ಧೈರ್ಯ ಮೆಚ್ಚಬೇಕು ಬಿಡಿ."

ಅವನು ನಕ್ಕ. ಎರಡು ವರ್ಷದಲ್ಲಿ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಕೇಳಬೇಡಿ ಎಂದಷ್ಟೇ ಹೇಳಿದ್ದ. ಉಳಿದದ್ದನ್ನು ಅವರವರೇ ತುಂಬಿಕೊಂಡಿದ್ದರು.

ಸಂಜೆ ಕ್ಲಿನಿಕ್ಕಿನ ಮುಂದೆ ಕಾರು ನಿಲ್ಲಿಸಿದಾಗ ಹೆಂಡತಿ ಕೈಯೊರೆಸಿಕೊಳ್ಳುತ್ತ ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದಳು.

"ಇಳಿಸಿಕೊಂಡು ಬಂದೆ," ಎಂದ.

"ನಿಜವಾಗ್ಲೂ?"

"ಅರ್ಧಕ್ಕಿಂತ ಕಡಿಮೆ ಮಾಡಿಸಿದೀನಿ. ಇನ್ನು ಇದು ಸತ್ತ ಹಾಗೇ ಲೆಕ್ಕ."

ಅವಳು ಬಾಗಿಲು ಬಿಟ್ಟಳು. ಕಾರನ್ನು ಸುತ್ತಿಕೊಂಡು ಮುಂದೆ ಬಂದಳು. ಬಂದು ನಿಂತದ್ದು ಅವನ ಕಿಟಕಿಯ ಹತ್ತಿರ.

"ಹಾಗಾದ್ರೆ ಆ ಕಡೆ ಹೋಗಿ ಕೂತ್ಕೊಳ್ರೀ. ನಾನು ಓಡಿಸ್ತೀನಿ."

"ನೀನಾ?"

"ಸತ್ತಿರೋದಕ್ಕೆ ಯಾರು ಹೆದರ್ತಾರೆ?"

ಅವನು ಇಳಿದು ಆಚೆ ಹೋಗಿ ಕೂತ. ಅವಳು ಸೀಟು ಮುಂದಕ್ಕೆಳೆದುಕೊಂಡಳು, ಕನ್ನಡಿ ತಿರುಗಿಸಿದಳು. ರೋಗಿಯನ್ನು ಕುರ್ಚಿಗೆ ಒರಗಿಸುವಾಗ ಇರುವಷ್ಟೇ ಸಮಾಧಾನ.

ಊರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಅವಳು ಪೂರ್ತಿ ಕಾಲೂರಿದಳು.

ಕಾರು ಕೂಗಿತು. ಅವನ ಬೆನ್ನು ಸೀಟಿಗೆ ಅಂಟಿಕೊಂಡಿತು. ಮುಳ್ಳು ಐದನ್ನು ಕಣ್ಣೆತ್ತಿಯೂ ನೋಡದೆ ದಾಟಿ, ಎಂಟಕ್ಕೆ ಹೋಗಿ ನಿಂತಿತು. ಅದು ಅಲ್ಲಿ ನಿಂತದ್ದನ್ನು ಅವನು ನೋಡಿದ್ದು ಇದೇ ಮೊದಲು. ತನ್ನ ಕಡೆ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿದ. ಸಾಕು ಎನ್ನಬೇಕೆಂದುಕೊಂಡ.

ತನಗೆ ಸಾಕೆನಿಸಿದಾಗ ಅವಳು ಕಾಲು ತೆಗೆದಳು.

"ಇಷ್ಟೇನಾ?"

"ಈಗ ಇಳಿಸಿದೀನಲ್ಲ."

"ಮೊದಲು?"

"ಮೊದಲು ಜಾಸ್ತಿ ಇತ್ತು."

"ಹೌದಾ?" ಎಂದಳು. ವ್ಯಂಗ್ಯವಿರಲಿಲ್ಲ. ನೋವಾಗ್ತಿದೆಯಾ ಎಂದು ರೋಗಿಗಳನ್ನು ವಿಚಾರಿಸುವ ದನಿ.

ಸ್ವಲ್ಪ ಹೊತ್ತಿನ ಮೇಲೆ ಏನನ್ನೋ ಗುನುಗತೊಡಗಿದಳು. ತನ್ನ ಪಕ್ಕ ಕೂತು ಅವಳು ಹಿಂದೆಂದಾದರೂ ಗುನುಗಿದ್ದು ಅವನಿಗೆ ನೆನಪಿರಲಿಲ್ಲ.

ಅಕ್ಕನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಒಂದೇ ಸಲಕ್ಕೆ ಕಾರು ನಿಲ್ಲಿಸಿದಳು.

"ಬನ್ನಿ."

"ನೀನು ಹೋಗಿರು. ಒಂದು ಫೋನ್ ಮಾಡಿ ಬರ್ತೀನಿ."

"ಬೇಗ ಬನ್ರೀ, ಅಕ್ಕ ಕಾಯ್ತಿರ್ತಾಳೆ." ಕಾರಿನ ಕೀ ಬ್ಯಾಗಿಗೆ ಹಾಕಿಕೊಂಡು ಲಿಫ್ಟಿನ ಕಡೆ ಹೋದಳು.

ಜಿರಳೆಗೆ ಫೋನ್ ಮಾಡಬಹುದಿತ್ತು. ವಾಪಸ್ ಹದಿನೆಂಟಕ್ಕೆ ಏರಿಸು ಎನ್ನಬಹುದಿತ್ತು. ಯಾರಿಗೋಸ್ಕರ?

ಕಾವಲಿನವನು ಬಂದು ಗಾಜು ತಟ್ಟಿದ.

"ಸಾರ್, ಗಾಡಿ ಸ್ವಲ್ಪ ಹಿಂದೆ ತೆಗೀಬೇಕಿತ್ತು. ಡ್ರೈವರ್ ಎಲ್ಲಿ?"

"ಮೇಲೆ ಹೋಗಿದಾರೆ."

"ಬಂದ್ರೆ ಹೇಳ್ಬಿಡಿ ಸಾರ್."

ಕಾವಲಿನವನ ಹೆಜ್ಜೆಸದ್ದು ದೂರವಾಯಿತು. ಆ ನೆಲಮಾಳಿಗೆಯ ದೀಪಗಳು ಯಾರಾದರೂ ಓಡಾಡಿದರೆ ಮಾತ್ರ ಉರಿಯುವಂಥವು. ಲಿಫ್ಟಿನ ಬಳಿಯದು ಆರಿತು. ಅದರ ಈಚೆಯದು ಆರಿತು. ಕೊನೆಗೆ ಅವನ ನೆತ್ತಿಯ ಮೇಲಿನದೂ.

ಕೆಳಗೊಬ್ಬ ಮನುಷ್ಯ ಕೂತಿದ್ದಾನೆಂದು ದೀಪಕ್ಕೆ ತಿಳಿಯಬೇಕಾದರೆ ಅಲುಗಾಡಬೇಕು. ಅವನು ಕತ್ತಲೆಯಲ್ಲಿ ಕೈಯೆತ್ತಿ ಬೀಸಿದ. ಹತ್ತಲಿಲ್ಲ. ಗಾಜಿನೊಳಗಿಂದ ಬೀಸಿದ್ದು ಅದಕ್ಕೆ ಕಾಣುವುದಿಲ್ಲವೇನೋ.

ಬಾಗಿಲು ತೆರೆಯಲಿಲ್ಲ. ಕೂತಲ್ಲಿಂದಲೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಬೀಸಿದ.