ಆರಿದ ಬಾಯ್ಲರು

ಅಂಗೈಗೆ ಬೆಚ್ಚಗೆ ತಾಗುತ್ತಿದೆ ಗೋಡೆ, ಊಟವಾದ ಮೇಲೆ ಯಾವಾಗಲೂ ಹೀಗೇ, ಆಚೆ ಬದಿ ನಮ್ಮ ಲಾಂಡ್ರಿ, ಬಿಸಿನೀರಿನ ಪೈಪು ಹೋಗುವುದು ಈ ಗೋಡೆಯೊಳಗೇ, ಯಜಮಾನರು ಕೂರಿಸಿದ ಡೀಸೆಲ್ ಬಾಯ್ಲರು, ಆನೆಯಷ್ಟು, ಅಲ್ಲ ಎರಡು ಆನೆಯಷ್ಟು, ಅದು ಕೆಮ್ಮಿದರೆ ಬೀದಿಯ ಬೆಕ್ಕುಗಳೆಲ್ಲ ಊರು ಬಿಡುತ್ತಿದ್ದವು — ಅವರು ಹೋದಮೇಲೂ ನನ್ನ ಬೆನ್ನು ಕಾಯಿಸುವುದು ಅದೇ, ಬದುಕಿದ್ದಾಗ ಇಷ್ಟು ಬೆಚ್ಚಗೆ ಒಂದು ಮಾತಾಡಿದ್ದರೆ! ಈಗ ಬಾಗಿಲಲ್ಲಿ ಸೊಸೆ, ಹಿಂದೆ ಆ ಉದ್ದ ಕತ್ತಿನ ಸರ್ಕಾರಿ ಆಫೀಸರು, ಒಂಟೆ ಅಂತ ಹೆಸರಿಟ್ಟಿದ್ದೇನೆ, ಅತ್ತೆ, ಬಾಯ್ಲರ್ ನಿಮ್ಮ ಹೆಸರಲ್ಲಿದೆ, ತೆಗೆಸೋಕೆ ನೀವೇ ಹೂಂ ಅನ್ಬೇಕು, ಇವತ್ತೇ ಕೊನೇ ದಿನ, ನಮ್ಮಲ್ಲಿ ಆದ್ರೇನೇ ಬೀದಿಯ ಉಳಿದ ಲಾಂಡ್ರಿಗಳಿಗೂ ಸರ್ಕಾರದ ಸಹಾಯ — ದೇಶದ ಹೊಗೆ ಸೊನ್ನೆಗೆ ಇಳಿಯಬೇಕಂತೆ, ಅಜ್ಜೀ, ನಿಮ್ಮ ಹೊಗೆನೂ ಲೆಕ್ಕಕ್ಕೆ ಬರುತ್ತೆ, ಅಂತಾನೆ ಒಂಟೆ, ಬರ್ಲಿ ಬಿಡಪ್ಪ, ಈ ಮನೇಲಿ ನನ್ನನ್ನ ಲೆಕ್ಕಕ್ಕೆ ತಗೊಂಡೋನು ನೀನೇ ಮೊದಲು. ಬಾಯ್ಲರಿನ ಬದಲಿಗೆ ಗಾಳಿಯಿಂದ ಕಾವು ಹೀರಿ ನೀರು ಕಾಯಿಸುವ ಪೆಟ್ಟಿಗೆಯಂತೆ, ಅಂಗಳದಲ್ಲಿ ತಂದಿಟ್ಟಿದ್ದಾರೆ, ಬೀರುವಿನಷ್ಟಿದೆ, ಗುಂಯ್ ಅನ್ನುತ್ತದೆ, ಬೆಂಕಿಯಿಲ್ಲದೆ ನೀರು ಕಾಯಿಸೋದು ಗಂಡನಿಲ್ಲದೆ ಜಗಳ ಆಡಿದ ಹಾಗೆ — ಆಡುತ್ತೇನಲ್ಲ ದಿನಾ, ಇದೇ ಗೋಡೆಗೆ ಒರಗಿ... ಅದು ಬೇರೆ. ಬಾ ಇಲ್ಲಿ, ಕೈಯಿಡು, ಇದು ಕಣೇ ಕಾವು, ನಿನ್ನ ಮಾವನ ಕಾವು, ನಿನ್ನ ಪೆಟ್ಟಿಗೆ ಕೊಡುತ್ತಾ ಇದನ್ನ? ಕೈಯಿಟ್ಟಳು, ಒಂಟೆಯ ಮುಖ ನೋಡಿದಳು, ಅತ್ತೆ, ಬಾಯ್ಲರ್ ಆರಿಸಿ ಒಂದು ವಾರ ಆಯ್ತು, ಪೈಪಿಗೆ ಪೆಟ್ಟಿಗೇನೇ ಜೋಡಿಸಿ ನೋಡ್ತಿದ್ದೀವಿ, ಹೇಳೋಕೆ ಬಂದೆ, ನೀವು ಬೈಯೋ ಭರಾಟೇಲಿ ಕೇಳಿಸ್ಕೊಳ್ಳಲೇ ಇಲ್ಲ — ವಾರ? ಸುಳ್ಳು, ನೂರಕ್ಕೆ ಸಾವಿರ ಸುಳ್ಳು, ಮೊನ್ನೆ ಮುನಿಸಿಕೊಂಡು ಬೆನ್ನು ತಿರುಗಿಸಿದ್ದು ಯಾರಿಗೆ, ನಿನ್ನೆ ರಾಜಿಯಾಗಿ ಕೆನ್ನೆ ಒತ್ತಿದ್ದು ಯಾರಿಗೆ, ಬೀರುವಿಗಾ, ಬರೀ ಗಾಳಿಗಾ? ನಡಿ, ತೋರಿಸು ನಡಿ — ಚಪ್ಪಲಿ ಎಲ್ಲಿ, ಬೇಡ, ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳು ಹಬೆಯಾಡುತ್ತಿವೆ, ಕೊಕ್ಕರೆಯಷ್ಟು ಬಿಳುಪು, ನೀರು ಕಾದಿದೆ, ಚೆನ್ನಾಗೇ ಕಾದಿದೆ, ಆನೆ ಮಾತ್ರ ಸುಮ್ಮನೆ ನಿಂತಿದೆ, ಕೆಮ್ಮೂ ಇಲ್ಲ, ಅದರ ಹೊಟ್ಟೆಗೆ ಅಂಗೈಯಿಟ್ಟೆ — ಅಯ್ಯೋ ರೀ, ಆ ಬೆಳಿಗ್ಗೆ ನಿಮ್ಮ ಹಣೆ ಮುಟ್ಟಿದಾಗ ಇದ್ದಷ್ಟೇ ತಣ್ಣಗೆ, ಆಗಲೂ ನಂಬಲಿಲ್ಲ, ಹೊದಿಕೆ ಮೇಲೆ ಹೊದಿಕೆ ಹೊದಿಸಿದೆ, ವಾರದಿಂದ ಎಲ್ಲಿದ್ದಿರಿ, ಇಲ್ಲೋ, ಗೋಡೆಯಲ್ಲೋ, ಎಲ್ಲೂ ಇಲ್ಲವೋ, ಅಜ್ಜೀ, ಹೂಂ ಅಂದ್ರಾ, ಒಂಟೆ ಕೇಳುತ್ತಿದ್ದಾನೆ, ಹೂಂ ಕಣಪ್ಪ, ಹೂಂ, ನನ್ನ ಬಾಯೇ ಅಂದದ್ದು, ಸೊಸೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಅತ್ತೆ, ಕೈ ತೆಗೀರಿ, ಮಸಿ ಆಗುತ್ತೆ, ತೆಗೀತೀನಿ ಇರೇ — ಕಬ್ಬಿಣ, ಅಂಗೈ, ಹಣೆ, ತಣ್ಣಗೆ, ಹಣೆ